ಮೇಷ್ಟರು ವರ್ಗವಾದರೆ ವಿದ್ಯೆಯೂ ವರ್ಗವಾಗಬೇಕೆ?

ಬೆಂಗಳೂರಿನಲ್ಲಿ ತಂತ್ರಾಂಶ ವೃತ್ತಿಯಲ್ಲಿರುವ ನನ್ನ ಕೆಲವು ಶಿಷ್ಯರಿಗೆ ‘ಸಿಸ್ಟಮ್‌ಡಿ’ ಎಂಬ ಹೆಸರು ಕೇಳಿದರೆ ಸಾಕು, ಕೋಪ ನೆತ್ತಿಗೇರುತ್ತದೆ. ಉಳಿದ ಬಂಧುಗಳಿಗಾಗಿ ಹೇಳುತ್ತೇನೆ: ಲಿನಕ್ಸ್ ಗಣಕಯಂತ್ರ ಚಾಲೂ ಆದೊಡನೆ ಯಾವ ಸೇವೆ ಯಾವಾಗ ಏಳಬೇಕು, ಬಿದ್ದರೆ ಏನು ಮಾಡಬೇಕು ಎಂಬುದನ್ನು ನೋಡಿಕೊಳ್ಳುವ ವ್ಯವಸ್ಥಾಪಕ ತಂತ್ರಾಂಶವದು. 2010ರಲ್ಲಿ ಲೆನ್ನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಅದನ್ನು ಹೊರತಂದರು. 2015ರಲ್ಲಿ ಡೆಬಿಯನ್, ಉಬುಂಟು ಎರಡೂ ಅದನ್ನೇ ಅಳವಡಿಸಿಕೊಂಡವು. ಒಪ್ಪದವರು 2014ರಲ್ಲೇ ಡೆಬಿಯನ್ನಿನಿಂದ ಸಿಡಿದು ‘ಡೆವುವಾನ್’ ಎಂಬ ಬೇರೆ ಮನೆ ಹೂಡಿದ್ದರು.

“ಅದು ಎಲ್ಲವನ್ನೂ ತಾನೇ ನುಂಗುತ್ತದೆ ಸಾರ್. ಶಾಲೆಗೇಕೆ ಅದು? ಬೇಕಾದ್ದನ್ನು ಮೇಷ್ಟರು ಬೆಳಗ್ಗೆ ಕೈಯಿಂದಲೇ ಚಾಲೂ ಮಾಡಿದರಾಯಿತು” ಎಂಬುದು ಇವರ ವಾದ. ಪೂರ್ವಾರ್ಧದಲ್ಲಿ ಸತ್ಯಾಂಶವಿದೆ. ಅದರ ದಿನಚರಿ ಸಾಮಾನ್ಯ ಪಠ್ಯಕಡತವಲ್ಲ. ಓದಲು ‘ಜರ್ನಲ್‌ಸಿಟಿಎಲ್’ ಎಂಬ ಅದರದೇ ಸಾಧನ ಬೇಕು. ಉತ್ತರಾರ್ಧವನ್ನು ಮಾತ್ರ ನಾನು ಒಪ್ಪಲಾರೆ.

ಜಂಗಮಕೋಟೆಯಂಥ ಊರಿನ ಶಾಲೆಯೂ ಅಂತರಜಾಲವಿಲ್ಲದೆ ಕನ್ನಡ ವಿಕಿಪೀಡಿಯವನ್ನು ಮಕ್ಕಳಿಗೆ ಒದಗಿಸಬಲ್ಲದು. ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶವಿದೆ. ಒಂದು ಯಂತ್ರದಲ್ಲಿ ಅದರ ಸೇವೆ ನಡೆಯುತ್ತಿದ್ದರೆ ಉಳಿದ ಯಂತ್ರಗಳ ಮುಂದೆ ಕುಳಿತವರೆಲ್ಲ ಓದಬಹುದು. ಆದರೆ ಅದನ್ನು ಎಬ್ಬಿಸುವ ಆದೇಶ ಒಬ್ಬ ಮೇಷ್ಟರ ತಲೆಯಲ್ಲಿ ಮಾತ್ರ ಇದ್ದರೆ? ಕರೆಂಟು ಹೋಗಿ ಬಂದಾಗ ಅವರು ಬೇರೆ ತರಗತಿಯಲ್ಲಿರುತ್ತಾರೆ. ವರ್ಗವಾದರಂತೂ ಆ ಆದೇಶವೂ ಅವರೊಡನೆ ಬಸ್ಸು ಹತ್ತುತ್ತದೆ. ಗಣಕಯಂತ್ರದ ಕೊಠಡಿಗೆ ಬೀಗ ಬೀಳುತ್ತದೆ.

ನಾವು ವರ್ಗವಾಗುವಾಗ ಬೀರು, ಭೂಪಟ, ಗೋಳಗಳನ್ನು ಎಣಿಸಿ ಚಾರ್ಜ್ ಪಟ್ಟಿ ಬರೆದುಕೊಡುತ್ತಿದ್ದೆವು. ಸಿಸ್ಟಮ್‌ಡಿಯ ಸೇವಾಕಡತವೂ ಅಂಥದೇ ಪಟ್ಟಿ. ಹತ್ತು ಸಾಲು ಸಾಕು. ಏನನ್ನು ನಡೆಸಬೇಕೆಂದು ‘ಎಕ್ಸೆಕ್‌ಸ್ಟಾರ್ಟ್’ ಹೇಳುತ್ತದೆ. ‘ರಿಕ್ವೈರ್ಸ್’ ಅಗತ್ಯವನ್ನೂ ‘ಆಫ್ಟರ್’ ಕ್ರಮವನ್ನೂ ಹೇಳುತ್ತವೆ. ಸೊಪ್ಪು ಬೇಕು ಎನ್ನುವುದು ಒಂದು ಮಾತು, ಹುಳುವಿಗಿಂತ ಮೊದಲೇ ಸೊಪ್ಪು ಸಿದ್ಧವಿರಬೇಕು ಎನ್ನುವುದು ಇನ್ನೊಂದು. ಶಿಡ್ಲಘಟ್ಟ ಸೀಮೆಯ ರೇಷ್ಮೆ ಬೆಳೆಗಾರರ ಮಕ್ಕಳಿಗೆ ಇದನ್ನು ವಿವರಿಸಬೇಕೆ? ‘ರೀಸ್ಟಾರ್ಟ್’ ಸಾಲಿನಲ್ಲಿ ‘ಆನ್-ಫೇಲ್ಯೂರ್’ ಎಂದು ಬರೆದರೆ, ಕೆಟ್ಟು ನಿಂತ ಸೇವೆ ತಾನೇ ಮತ್ತೆ ಏಳುತ್ತದೆ. ‘ಸ್ಟಾರ್ಟ್’ ಆದೇಶದ ಅರ್ಥ ಈಗಲೇ ಶುರುವಾಗು ಎಂದು. ‘ಎನೇಬಲ್’ ಎಂದರೆ ಇನ್ನು ಮುಂದೆ ಯಂತ್ರ ಎದ್ದಾಗಲೆಲ್ಲ ಶುರುವಾಗು ಎಂದು. ಕಡತದಲ್ಲಿ ‘ವಾಂಟೆಡ್‌ಬೈ’ ಸಾಲು ಬರೆಯಲು ಮರೆತರೆ ಈ ಎರಡನೆಯದು ಫಲಿಸದು.

ಹಳೆಯ ಪದ್ಧತಿಯಲ್ಲೂ ಬರೆದಿಡಬಹುದಿತ್ತಲ್ಲ ಎನ್ನುವಿರಿ. ಬಹುದಿತ್ತು, ಆದರೆ ಅಲ್ಲಿ ಸೇವೆಗೊಂದರಂತೆ ಉದ್ದನೆಯ ಶೆಲ್ ಸ್ಕ್ರಿಪ್ಟ್ ಬೇಕಾಗುತ್ತಿತ್ತು. ಅದನ್ನು ಓದಿ ತಿದ್ದಬಲ್ಲ ಗಣಿತದ ಮೇಷ್ಟರು ಎಷ್ಟು ಮಂದಿ ಸಿಕ್ಕಾರು?

ಸಿಸ್ಟಮ್‌ಡಿ ಬೇಡವಾದರೆ ಬೇರೊಂದನ್ನು ತನ್ನಿ, ನನ್ನ ತಕರಾರಿಲ್ಲ. ಬರೆದಿಡದೆ ತಲೆಯಲ್ಲೇ ಹೊತ್ತೊಯ್ಯುವ ವಿದ್ಯೆಯ ಮೇಲೆಯೇ ನನ್ನ ಜಗಳ. ಶಾಲೆಗೆ ಹಳೆಯ ಗಣಕಯಂತ್ರ ಕೊಟ್ಟು ಶಾಲು ಹೊದೆಸಿಕೊಳ್ಳುವ ಮಹನೀಯರು ಆ ಹತ್ತು ಸಾಲನ್ನೂ ಬರೆದುಕೊಡಲಿ. ಯಂತ್ರವನ್ನು ಒಮ್ಮೆ ಆರಿಸಿ, ಏಳನೆಯ ತರಗತಿಯ ಹುಡುಗಿಯೊಬ್ಬಳು ಗುಂಡಿಯೊತ್ತಿದರೆ ಸೇವೆ ತಾನಾಗಿ ಏಳುವುದೇ ಎಂದು ನೋಡಲಿ. ಎದ್ದರೆ ಮಾತ್ರ ಅದು ದಾನ.