ಹಬ್ಬದ ಉಡುಗೊರೆ ಸಾಲದ ಹೊರೆಯಾಗದಿರಲಿ

ಕ್ರಿಸ್ತ ಜಯಂತಿ ಸಮೀಪಿಸುತ್ತಿದೆ. ಬಿ.ಸಿ. ರೋಡ್, ಬೆಳ್ತಂಗಡಿ, ಮೂಡುಬಿದಿರೆಗಳ ಅಂಗಡಿಗಳ ಮುಂದೆ ನಕ್ಷತ್ರದ ಗೂಡುದೀಪಗಳು ತೂಗತೊಡಗಿವೆ. ಯುವಕರು ಗೋದಲಿಗೆ ಬೈಹುಲ್ಲು, ಬಿದಿರು ಹೊಂದಿಸುವುದರಲ್ಲಿದ್ದಾರೆ. ಅಡುಗೆಮನೆಗಳಲ್ಲಿ ಕುಸ್ವಾರಿನ ಸಿದ್ಧತೆ ನಡೆದಿದೆ. ಈ ಸಂಭ್ರಮದ ನಡುವೆಯೂ ಅನೇಕ ಮನೆಗಳ ಹಿರಿಯರನ್ನು ಒಂದು ಪ್ರಶ್ನೆ ಮೌನವಾಗಿ ಕಾಡುತ್ತಿರುತ್ತದೆ: ಈ ಬಾರಿ ಯಾರಿಗೆ ಏನು ಕೊಡುವುದು, ಅದಕ್ಕೆ ಹಣವನ್ನು ಎಲ್ಲಿಂದ ತರುವುದು?

ಉಡುಗೊರೆ ಹೊತ್ತು ತರುವ ಕ್ರಿಸ್ಮಸ್ ತಾತನ ಕಲ್ಪನೆಗೆ ಮೂಲವಾದವರು, ನಾಲ್ಕನೆಯ ಶತಮಾನದಲ್ಲಿ ಇಂದಿನ ತುರ್ಕಿ ದೇಶದ ಮೀರಾ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ಸಂತ ನಿಕೋಲಸರು. ಡಿಸೆಂಬರ್ 6 ಅವರ ಹಬ್ಬ. ಬಡತನಕ್ಕಿಳಿದ ತಂದೆಯೊಬ್ಬನಿಗೆ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿಸಲು ಗತಿಯಿಲ್ಲದಾದಾಗ, ಅವರು ರಾತ್ರಿಯ ಕತ್ತಲಲ್ಲಿ ಕಿಟಕಿಯಿಂದ ಹೊನ್ನಿನ ಗಂಟು ಎಸೆದು ಸದ್ದಿಲ್ಲದೆ ಹೋದರೆಂಬುದು ಪರಂಪರೆಯ ಕಥೆ. ಒಂದು ಕುಟುಂಬವನ್ನು ಹಣದ ಸಂಕಟದಿಂದ ಬಿಡಿಸಲು ಕೊಟ್ಟ ಕೊಡುಗೆ ಅದು. ಅದೇ ಸಂತರ ನೆನಪಿನ ಹಬ್ಬದ ಉಡುಗೊರೆ ಇಂದು ಕುಟುಂಬಗಳನ್ನು ಸಂಕಟಕ್ಕೆ ತಳ್ಳುವುದಾದರೆ, ನಾವು ಎಲ್ಲಿಯೋ ದಾರಿ ತಪ್ಪಿದ್ದೇವೆ ಎಂದೇ ಅರ್ಥ.

ನಮ್ಮ ಮೂರು ತಾಲೂಕುಗಳ ಬದುಕಿನ ಲೆಕ್ಕವೇ ಬೇರೆ. ಹಬ್ಬ ಬರುವ ಹೊತ್ತಿಗೆ ಹೊಸ ಅಡಿಕೆ ಇನ್ನೂ ಅಂಗಳದಲ್ಲಿ ಒಣಗುತ್ತಿರುತ್ತದೆ. ಸುಲಿದು ಮಾರಲು ಆರು ವಾರಗಳ ಬಿಸಿಲಾದರೂ ಬೇಕು. ಬೀಡಿ ಸುರುಟುವ ತಾಯಂದಿರಿಗೆ ಸಾವಿರಕ್ಕೆ ಇಷ್ಟೆಂದು ಸಿಗುವ ಮಜೂರಿ ಹಬ್ಬ ಬಂದಿತೆಂದು ಹೆಚ್ಚುವುದಿಲ್ಲ. ಆಗಮನ ಕಾಲದಲ್ಲಿ ತಡೆದು ನಿಂತ ಮದುವೆಗಳೂ ರೋಸ್ ಕಾರ್ಯಕ್ರಮಗಳೂ ಕ್ರಿಸ್ಮಸ್ ಮುಗಿಯುತ್ತಲೇ ಸಾಲುಗಟ್ಟುತ್ತವೆ. ಜನವರಿಯ ಕೊನೆಗೆ ಅತ್ತೂರಿನ ಸಂತ ಲಾರೆನ್ಸರ ವಾರ್ಷಿಕ ಮಹೋತ್ಸವ, ಅದು ಮುಗಿದು ಕೆಲವು ತಿಂಗಳಿಗೆ ಶಾಲೆಯ ಶುಲ್ಕ. ಡಿಸೆಂಬರಿನಲ್ಲಿ ಕೈ ಬರಿದಾದರೆ ಅದರ ಬಿಸಿ ಜೂನ್ ತನಕ ತಟ್ಟುತ್ತದೆ.

ಹಾಗಿದ್ದರೂ ಶಕ್ತಿ ಮೀರಿ ವ್ಯಯಿಸುವುದೇಕೆ? ಇದಕ್ಕೆ ಆಸೆಗಿಂತ ಅಂಜಿಕೆಯೇ ದೊಡ್ಡ ಕಾರಣವೆಂದು ನಮಗನಿಸುತ್ತದೆ. ಗಲ್ಫಿನಿಂದ ರಜೆಗೆ ಬಂದ ನೆರೆಮನೆಯವರು ತಮ್ಮ ಮಕ್ಕಳಿಗೆ ಮೊಬೈಲ್ ತಂದಿರುತ್ತಾರೆ. ತನ್ನ ಮಗ ಅವರ ನಡುವೆ ಸಣ್ಣವನಾಗಬಾರದೆಂದು ತಾಯಿ ಕಿವಿಯ ಓಲೆಯನ್ನು ಅಡವಿಡುತ್ತಾಳೆ. ಅವಳನ್ನು ಹಳಿಯುವುದು ನ್ಯಾಯವಲ್ಲ. ಅನುಕೂಲಸ್ಥರು ತಮ್ಮ ಉಡುಗೊರೆಯನ್ನು ಮೆರೆಸದೆ ಕೊಟ್ಟರೆ ಆ ತಾಯಿಯ ಅರ್ಧ ಭಾರ ಇಳಿದಂತೆ. ನಿಕೋಲಸರು ಕೊಟ್ಟದ್ದು ಕತ್ತಲಲ್ಲಿ ಎಂಬುದನ್ನು ಮರೆಯಬಾರದು.

ಪೇಟೆಗೆ ಹೊರಡುವ ಮುನ್ನ ಗಂಡಹೆಂಡಿರು ಮಕ್ಕಳನ್ನೂ ಕೂರಿಸಿಕೊಂಡು ಒಂದು ಚೀಟಿ ಬರೆಯಲಿ. ಮೊದಲು ಒಟ್ಟು ಮೊತ್ತ, ಬಳಿಕ ಹೆಸರುಗಳು, ಕೊನೆಗೆ ವಸ್ತುಗಳು. ಈ ಕ್ರಮ ತಲೆಕೆಳಗಾದಾಗಲೇ ಲೆಕ್ಕ ತಪ್ಪುವುದು. ಮೊತ್ತವನ್ನು ನೋಟುಗಳಲ್ಲಿ ಲಕೋಟೆಗೆ ಹಾಕಿ ಒಯ್ದರೆ ಇನ್ನೂ ಒಳ್ಳೆಯದು. ಫೋನಿನಲ್ಲಿ ತೆತ್ತ ಹಣ ಕಣ್ಣಿಗೆ ಕಾಣದು. ಲಕೋಟೆ ತೆಳುವಾಗುವುದು ಕಾಣುತ್ತದೆ. ‘ಅರ್ಧ ಬೆಲೆ’ ಎಂಬ ಫಲಕಕ್ಕೆ ಮರುಳಾಗದೆ, ಅದೇ ವಸ್ತುವಿನ ಬೆಲೆಯನ್ನು ಇನ್ನೆರಡು ಅಂಗಡಿಗಳಲ್ಲಿ ವಿಚಾರಿಸಬೇಕು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಅದನ್ನು ನೋಡಿಯೇ ಕೊಳ್ಳಬೇಕು. ಬಿಲ್ಲನ್ನು ಜೋಪಾನವಾಗಿರಿಸಬೇಕು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕಂತಿನ ಆಮಿಷದ ಬಗೆಗಂತೂ ವಿಶೇಷ ಎಚ್ಚರ ಬೇಕು. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಎಂದರೆ ಕೇಳಲು ಹಗುರ. ವರ್ಷಕ್ಕೆ ಅದು ನೂರಕ್ಕೆ 42 ಆಗುತ್ತದೆ. 10,000 ರೂಪಾಯಿ ಬಾಕಿ ಉಳಿದರೆ ಬಡ್ಡಿಯೇ ತಿಂಗಳಿಗೆ 350. ಮಗುವಿನ ಆಟಿಕೆ ಮುರಿದು ಮೂಲೆ ಸೇರಿದ ಮೇಲೂ ಅದರ ಕಂತು ಕಟ್ಟುತ್ತಿರುವ ಮನೆಗಳು ನಮ್ಮ ವಾಳೆಗಳಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು?

ಮಿತಿಯಲ್ಲಿ ಕೊಡುವುದು ಜಿಪುಣತನವಲ್ಲ. ನಮ್ಮ ಹಿರಿಯರು ಅದನ್ನು ಕುಸ್ವಾರಿನ ತಟ್ಟೆಯಲ್ಲಿ ತೋರಿಸಿಕೊಟ್ಟಿದ್ದಾರೆ. ನಾಲ್ಕು ನೆವ್ರಿ, ಒಂದು ಹಿಡಿ ಕಿಡಿಯೊ, ಒಂದಿಷ್ಟು ಗುಳಿಯೊ, ಮೇಲೊಂದು ಹೊದಿಕೆ ಹಾಕಿದರೆ ಆ ತಟ್ಟೆ ಹಿಂದೂ, ಮುಸ್ಲಿಂ, ಜೈನ ನೆರೆಯವರ ಮನೆಗೂ ಹೋಗುತ್ತಿತ್ತು. ಸಿರಿವಂತನ ತಟ್ಟೆಗೂ ಬೀಡಿ ಕಟ್ಟುವವಳ ತಟ್ಟೆಗೂ ಹೆಚ್ಚಿನ ಅಂತರವಿರಲಿಲ್ಲ. ಯಾರೂ ಅದರ ಬೆಲೆ ಕೇಳುತ್ತಿರಲಿಲ್ಲ. ಇಂದು ಅಂಗಡಿಯ ಪೊಟ್ಟಣ ಆ ತಟ್ಟೆಯ ಸ್ಥಾನಕ್ಕೆ ಬರುತ್ತಿದೆ. ಸಮಯವಿದ್ದವರು ಮನೆಯಲ್ಲೇ ಮಾಡಲಿ. ಇಲ್ಲದವರು ನೆರೆಯ ಮಹಿಳೆಯರು ಮಾಡಿದ್ದನ್ನೇ ಕೊಳ್ಳಲಿ. ಆ ಹಣ ಇನ್ನೊಂದು ಮನೆಯ ಹಬ್ಬವಾಗುತ್ತದೆ.

ಚೀಟಿ ಬರೆಯುವಾಗ ಕೊನೆಯಲ್ಲಿ ಒಂದು ಸಾಲನ್ನು ಖಾಲಿ ಬಿಡಿರೆಂದು ನಮ್ಮ ವಿನಂತಿ. ನಿಮ್ಮ ವಾಳೆಯಲ್ಲಿ ಔಷಧಿಗೋ ಶುಲ್ಕಕ್ಕೋ ಪರದಾಡುವ ಒಂದು ಮನೆ ಇದ್ದೀತು. ಅವರ ಹೆಸರನ್ನು ಬರೆಯದೆಯೇ ಆ ಸಾಲಿಗೊಂದು ಮೊತ್ತ ಮೀಸಲಿಡಿ. ಕೊಟ್ಟಿಗೆಯಲ್ಲಿ ಹುಟ್ಟಿದ ಬಾಲಯೇಸುವಿನ ಮುಂದೆ ಸಾಲವಿಲ್ಲದ ಮನಸ್ಸಿನಿಂದ ಮೊಣಕಾಲೂರುವ ಭಾಗ್ಯ ಎಲ್ಲ ಮನೆಗಳಿಗೂ ಒದಗಲಿ.