ಜರ್ಮನಿಗೆ ಹೋಗೋ ಮುಂಚೆ ಜರ್ಮನ್ ಕಲೀರಿ. ಹೊಲ ಅಡ ಇಡೋ ಮಾತು ಆಮೇಲೆ

ಹಿರೇಬೆಂಡಿಗೇರಿ: ಮೊದಲೆಲ್ಲ ನಮ್ಮ ಭಾಗದ ಹುಡುಗರು ದುಡಿಯೋಕೆ ಅಂತ ಹುಬ್ಬಳ್ಳಿ, ಗೋವಾ, ಬೆಂಗಳೂರು ಅಂತಿದ್ದರು. ಈಗ ಡಿಗ್ರಿ, ಡಿಪ್ಲೊಮಾ, ನರ್ಸಿಂಗ್ ಮುಗಿಸಿದವರ ಬಾಯಲ್ಲಿ ಜರ್ಮನಿ ಹೆಸರು ಬರ್ತಿದೆ. ಮೊಬೈಲ್ ತೆಗೆದರೆ ಜಾಹೀರಾತು: ಫೀ ಇಲ್ಲದ ಓದು, ಓದ್ತಾ ಓದ್ತಾ ಸಂಬಳ, ಮೂರು ತಿಂಗಳಲ್ಲಿ ಭಾಷೆ, ಗ್ಯಾರಂಟಿ ವೀಸಾ. ಇದನ್ನ ನೋಡಿ ಮನೆಯಲ್ಲಿ ಲೆಕ್ಕ ಶುರುವಾಗ್ತದೆ. ಎರಡು ಎಕರೆ ಅಡ ಇಡಬೇಕಾ, ಬಂಗಾರ ಬ್ಯಾಂಕಿಗೆ ಹಾಕಬೇಕಾ, ಅಂಗಡಿ ಸಾವಕಾರರ ಹತ್ತಿರ ಕೈಗಡ ಕೇಳಬೇಕಾ?

ಈ ಜಾಹೀರಾತುಗಳಲ್ಲಿ ಪೂರ್ತಿ ಸುಳ್ಳೂ ಇಲ್ಲ, ಪೂರ್ತಿ ನಿಜಾನೂ ಇಲ್ಲ. ಹಣ ಹಾಕೋ ಮುಂಚೆ ಯಾವುದು ನಿಜ, ಯಾವುದು ಅಲ್ಲ ಅಂತ ಬಿಡಿಸಿ ನೋಡೋಣ.

ಅವಕಾಶ ಇರೋದು ನಿಜ

ಜರ್ಮನಿಯಲ್ಲಿ ವಯಸ್ಸಾದವರು ಹೆಚ್ಚಾಗಿದ್ದಾರೆ, ದುಡಿಯೋ ಕೈ ಕಡಿಮೆ ಆಗ್ತಿವೆ. ಆಸ್ಪತ್ರೆ, ವೃದ್ಧಾಶ್ರಮ, ಫ್ಯಾಕ್ಟರಿ, ಹೋಟೆಲ್, ಕಟ್ಟಡ ಕೆಲಸ ಎಲ್ಲ ಕಡೆ ಜನ ಬೇಕಾಗಿದ್ದಾರೆ. ಅದಕ್ಕೇ 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ, ಭಾರತದ ನುರಿತ ಕೆಲಸಗಾರರಿಗೆ ವರ್ಷಕ್ಕೆ 20 ಸಾವಿರ ಇದ್ದ ವೀಸಾ ಸಂಖ್ಯೆಯನ್ನು 90 ಸಾವಿರಕ್ಕೆ ಏರಿಸ್ತೀವಿ ಅಂತ ಘೋಷಿಸಿತು. 2023-24ರಲ್ಲಿ ಅಲ್ಲಿ ಓದ್ತಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 49 ಸಾವಿರ. ಮರುವರ್ಷ 59 ಸಾವಿರ ದಾಟಿದರು. ಹೊರದೇಶದಿಂದ ಬಂದು ಓದೋರಲ್ಲಿ ಈಗ ನಮ್ಮವರದ್ದೇ ಮೊದಲ ಸ್ಥಾನ, ಚೀನಾದವರು ಹಿಂದೆ.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ ಅನ್ನೋದೂ ನಿಜ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರು ಆರು ತಿಂಗಳ ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಫೀ ಹಾಕಿದೆ. ಖಾಸಗಿ ಕಾಲೇಜುಗಳ ಮಾತೇ ಬೇರೆ, ಅಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಹೋಗ್ತದೆ. ಏಜೆಂಟರಿಗೆ ಕಮಿಷನ್ ಸಿಗೋದು ಹೆಚ್ಚಾಗಿ ಖಾಸಗಿ ಕಾಲೇಜುಗಳಿಂದ. ಜಾಹೀರಾತಿನಲ್ಲಿ 'ಫೀ ಇಲ್ಲ' ಅಂತ ತೋರಿಸಿ ಕೊನೆಗೆ ಖಾಸಗಿ ಕಾಲೇಜಿನ ಸೀಟು ಕೈಗಿಡೋದು ಇದೇ ಕಾರಣಕ್ಕೆ.

ಇನ್ನೊಂದು ಮಾತು. ಬರೀ ಪಿಯುಸಿ ಪಾಸಾದ ಮೇಲೆ ಅಲ್ಲಿನ ಡಿಗ್ರಿಗೆ ನೇರ ಪ್ರವೇಶ ಸಾಮಾನ್ಯವಾಗಿ ಸಿಗೋದಿಲ್ಲ. ಒಂದೋ ಅಲ್ಲಿ ಪೂರ್ವಸಿದ್ಧತಾ ಕಾಲೇಜು ಮುಗಿಸಬೇಕು, ಇಲ್ಲ ಇಲ್ಲೇ ಡಿಗ್ರಿಯ ಮೊದಲ ವರ್ಷ ಮುಗಿಸಿರಬೇಕು.

ದುಡ್ಡಿನ ಲೆಕ್ಕ

ವೀಸಾ ಬೇಕಂದ್ರೆ ವಿದ್ಯಾರ್ಥಿ ತನ್ನ ಹೆಸರಲ್ಲಿ 'ಬ್ಲಾಕ್ಡ್ ಅಕೌಂಟ್' ತೆಗೆದು ಒಂದು ವರ್ಷದ ಖರ್ಚಿನ ಹಣ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೋ. ಯೂರೋಗೆ 100 ರೂಪಾಯಿ ಅಂತ ಹಿಡಿದರೂ ಹತ್ತಿರ ಹತ್ತಿರ 12 ಲಕ್ಷ. ಇದು ಕಾಲೇಜಿನ ಫೀ ಅಲ್ಲ, ಏಜೆಂಟರ ಹಣಾನೂ ಅಲ್ಲ. ನಿಮ್ಮದೇ ಹಣ, ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮಗೇ ಬರ್ತದೆ. ಬಾಡಿಗೆ, ಊಟ, ಆರೋಗ್ಯ ವಿಮೆ ಎಲ್ಲ ಅದರಲ್ಲೇ. ಹಾಗಾಗಿ 'ಈ 12 ಲಕ್ಷ ನಮ್ಮ ಖಾತೆಗೆ ಹಾಕ್ರಿ, ನಾವು ಕಟ್ಟತೀವಿ' ಅಂತ ಯಾರಾದರೂ ಅಂದರೆ ಅಲ್ಲೇ ನಿಲ್ಲಿಸಿ.

ಭಾರತದಲ್ಲಿ ಓದಿದವರು ಅಂಕಪಟ್ಟಿ ಪರಿಶೀಲನೆಯ ಎಪಿಎಸ್ ಸರ್ಟಿಫಿಕೇಟ್ ತಗೋಬೇಕು. 2022ರ ನವೆಂಬರ್ 1ರಿಂದ ವಿದ್ಯಾರ್ಥಿ ವೀಸಾಕ್ಕೆ ಇದು ಕಡ್ಡಾಯ, ಫೀ 18 ಸಾವಿರ ರೂಪಾಯಿ. ಬಹಳಷ್ಟು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕೋದು 'ಯೂನಿ-ಅಸಿಸ್ಟ್' ಮೂಲಕ. ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30. ಇದೆಲ್ಲ ವಿದ್ಯಾರ್ಥಿ ತಾನೇ ಆನ್‌ಲೈನ್‌ನಲ್ಲಿ ಮಾಡಬಹುದಾದ ಕೆಲಸ.

ಅಲ್ಲಿ ಪಾರ್ಟ್‌ಟೈಮ್ ದುಡಿದು ಸಾಲ ತೀರಿಸ್ತೀನಿ ಅನ್ನೋರಿಗೆ ಒಂದು ಮಿತಿ ಇದೆ. ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಮಾತ್ರ ಕೆಲಸ ಮಾಡಬಹುದು. ಇದರಿಂದ ತನ್ನ ಹೊಟ್ಟೆ-ಬಾಡಿಗೆ ನಡೀಬಹುದು. ಊರಿನ ಸಾಲದ ಕಂತು ತುಂಬೋದು ಕಷ್ಟ. ಅದೂ ಭಾಷೆ ಬಂದರೆ. ಭಾಷೆ ಬರದವರಿಗೆ ಸಿಗೋದು ಗೋದಾಮಿನ ಪ್ಯಾಕಿಂಗು, ಮನೆ ಮನೆಗೆ ಊಟ ಮುಟ್ಟಿಸೋದು ಇಂಥವೇ.

ಓದ್ತಾ ಸಂಬಳ ಅಂದ್ರೆ ಏನು?

ಇದಕ್ಕೆ ಅಲ್ಲಿ 'ಆಉಸ್‌ಬಿಲ್ಡುಂಗ್' ಅಂತಾರೆ. ವಾರದಲ್ಲಿ ಕೆಲವು ದಿನ ಕಂಪನಿಯಲ್ಲಿ ಕೆಲಸ, ಕೆಲವು ದಿನ ಶಾಲೆ. ಹೆಚ್ಚಿನವು ಮೂರು ವರ್ಷದ್ದು. ನಮ್ಮ ಐಟಿಐ ಮತ್ತು ಅಪ್ರೆಂಟಿಸ್ ಎರಡೂ ಕೂಡಿದ ಹಾಗೆ. ನಮ್ಮ ಅಂಗಡಿಕಾರರಿಗೆ ಆಶ್ಚರ್ಯ ಆಗಬಹುದು: ಅಲ್ಲಿ ಅಂಗಡಿಯಲ್ಲಿ ಮಾರಾಟ ಮಾಡೋದಕ್ಕೂ ಎರಡು ವರ್ಷದ ತರಬೇತಿ ಇದೆ, ಪರೀಕ್ಷೆ ಇದೆ. ಬೇಕರಿ ಕೆಲಸಕ್ಕೆ ಮೂರು ವರ್ಷ. ನಾವು ಗಲ್ಲಾದ ಹಿಂದೆ ನಿಂತು ಅಪ್ಪನಿಂದ ಕಲಿತದ್ದನ್ನ ಅವರು ಶಾಲೆಯಲ್ಲಿ ಕಲಿಸಿ ಸರ್ಟಿಫಿಕೇಟ್ ಕೊಡ್ತಾರೆ.

ಸಂಬಳ? 2025ರಲ್ಲಿ ಸೇರಿದವರಿಗೆ ಮೊದಲ ವರ್ಷದ ಕನಿಷ್ಠ ಮೊತ್ತ ತಿಂಗಳಿಗೆ 682 ಯೂರೋ. ನರ್ಸಿಂಗ್‌ನಂಥ ತರಬೇತಿಗಳಲ್ಲಿ ಇದಕ್ಕಿಂತ ಸಾಕಷ್ಟು ಜಾಸ್ತಿ ಸಿಗ್ತದೆ. ಆದರೆ ಕನಿಷ್ಠದಲ್ಲೇ ಇದ್ದವರಿಗೆ ಲೆಕ್ಕ ನೋಡ್ರಿ: ಓದೋ ಹುಡುಗನಿಗೆ ತಿಂಗಳಿಗೆ 992 ಬೇಕು ಅಂತ ಆ ಸರ್ಕಾರವೇ ಹೇಳ್ತದೆ, ಕೈಗೆ ಬರೋದು 682ಕ್ಕಿಂತ ಕಡಿಮೆ. 'ಮೊದಲ ತಿಂಗಳಿಂದಲೇ ಮನೆಗೆ ದುಡ್ಡು ಕಳಸ್ತಾನ' ಅನ್ನೋ ಮಾತು ಎಲ್ಲರಿಗೂ ಹೊಂದೋದಿಲ್ಲ.

ಇಡೀ ತರಬೇತಿ ನಡೆಯೋದು ಜರ್ಮನ್ ಭಾಷೆಯಲ್ಲಿ. ಮೇಸ್ತ್ರಿ ಮಾತಾಡೋದು, ಶಾಲೆಯ ಪುಸ್ತಕ, ಪರೀಕ್ಷೆ ಎಲ್ಲ. ಅದಕ್ಕೇ ಬಿ1 ಹಂತದ ಜರ್ಮನ್ ಕೇಳ್ತಾರೆ. ನರ್ಸ್ ಆಗಿ ಪೂರ್ಣ ಮಾನ್ಯತೆ ಸಿಗಬೇಕಂದ್ರೆ ಸಾಮಾನ್ಯವಾಗಿ ಬಿ2. ಜರ್ಮನ್ ಮಾಧ್ಯಮದಲ್ಲಿ ಡಿಗ್ರಿ ಓದೋಕೆ ಅದಕ್ಕೂ ಮೇಲಿನ ಸಿ1.

ಮೂರು ತಿಂಗಳಲ್ಲಿ ಬರ್ತದಾ?

ಜರ್ಮನ್ ಭಾಷೆಯನ್ನ ಎ1ರಿಂದ ಸಿ2ವರೆಗೆ ಆರು ಹಂತ ಮಾಡಿದ್ದಾರೆ. ಏನೂ ಬರದವರು ಬಿ1 ಮುಟ್ಟೋಕೆ 45 ನಿಮಿಷದ 350ರಿಂದ 650 ಪಾಠ ಬೇಕು ಅನ್ನೋದು ಗೊಯೆಥೆ ಇನ್‌ಸ್ಟಿಟ್ಯೂಟ್‌ನ ಅಂದಾಜು. ದಿನಕ್ಕೆ ಎರಡು ಪಾಠ, ವಾರಕ್ಕೆ ಆರು ದಿನ ಅಂತ ಹಿಡಿದರೆ ಚುರುಕು ಇದ್ದವರಿಗೆ ಏಳು ತಿಂಗಳು, ಉಳಿದವರಿಗೆ ಒಂದು ವರ್ಷದ ಮೇಲೆ. ಬೇರೆ ಕೆಲಸ ಬಿಟ್ಟು ದಿನವಿಡೀ ಕೂತರೆ ಮೂರು ತಿಂಗಳಲ್ಲಿ ಒಂದಿಷ್ಟು ಬರಬಹುದು. ಸಂಜೆ ಒಂದು ತಾಸು ಆನ್‌ಲೈನ್ ಕ್ಲಾಸ್ ಕೇಳಿದರೆ ಬರೋದಿಲ್ಲ.

ಬಿ1 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ. ಒಂದೊಂದರಲ್ಲೂ 100ಕ್ಕೆ 60 ಬರಬೇಕು. ಒಂದರಲ್ಲಿ ಬಿದ್ದರೆ ಅದೊಂದನ್ನೇ ಮತ್ತೆ ಬರೀಬಹುದು. ಗೊಯೆಥೆ, ಟೆಲ್ಕ್‌ನಂಥ ಮಾನ್ಯತೆ ಇರೋ ಪರೀಕ್ಷೆಯ ಸರ್ಟಿಫಿಕೇಟ್‌ಗೆ ಬೆಲೆ ಇದೆ. 'ನಮ್ಮಲ್ಲಿ ಕೋರ್ಸ್ ಮುಗಿಸಿದ್ದಾರೆ' ಅಂತ ಕೋಚಿಂಗ್‌ನವರು ಕೊಡೋ ಕಾಗದ ವೀಸಾ ಕಚೇರಿಯಲ್ಲಿ ನಡೆಯೋದಿಲ್ಲ.

ಭಾಷೆ ಕಲಿಯೋಕೇ ಅಲ್ಲಿಗೆ ಹೋದರೆ?

ಅದಕ್ಕೂ ಬೇರೆ ವೀಸಾ ಇದೆ. ವಾರಕ್ಕೆ ಕನಿಷ್ಠ 18 ತಾಸಿನ ಕೋರ್ಸ್, ಒಂದು ವರ್ಷದವರೆಗೆ. ಜನರ ನಡುವೆ ಇದ್ದು ಕಲಿತರೆ ಭಾಷೆ ಬೇಗ ಹತ್ತತದೆ, ಸಂಸ್ಕೃತಿನೂ ಗೊತ್ತಾಗ್ತದೆ. ಆದರೆ ಕೋರ್ಸ್ ಫೀ ಬೇರೆ, ಅಷ್ಟು ದಿನದ ಊಟ-ಬಾಡಿಗೆಯ ಹಣ ಮೊದಲೇ ತೋರಿಸಬೇಕು. ಇಲ್ಲೇ ಕಲಿಯೋ ಸೌಲಭ್ಯ ಇರುವಾಗ ಅಲ್ಲಿಗೇ ಯಾಕೆ ಬರ್ತೀರಿ ಅನ್ನೋ ಪ್ರಶ್ನೆಗೂ ಉತ್ತರ ಇರಬೇಕು. ಎ1, ಎ2 ಕಲಿಯೋಕೆ ತಿಂಗಳಿಗೆ ಲಕ್ಷ ಖರ್ಚು ಮಾಡೋದು ಸಣ್ಣ ಹಿಡುವಳಿದಾರರ ಮನೆಗೆ ಹೊಂದೋ ಮಾತಲ್ಲ. ಡಿಎಎಡಿ ಸಂಸ್ಥೆ ಕಾಲೇಜು ವಿದ್ಯಾರ್ಥಿಗಳಿಗೆ ಅಲ್ಲಿನ ಬೇಸಿಗೆ ಕೋರ್ಸ್‌ಗೆ ವಿದ್ಯಾರ್ಥಿವೇತನ ಕೊಡ್ತದೆ. ಅದಕ್ಕೂ ಮೊದಲೇ ಒಂದಿಷ್ಟು ಜರ್ಮನ್ ಬಂದಿರಬೇಕು.

ಕನ್ನಡ ಮಾಧ್ಯಮದವರಿಗೆ ಧೈರ್ಯದ ಮಾತು

ಇಂಗ್ಲಿಷೇ ಸರಿಯಾಗಿ ಬರಲ್ಲ, ಜರ್ಮನ್ ಹೆಂಗ ಕಲೀಲಿ ಅನ್ನೋ ಹೆದರಿಕೆ ಹಳ್ಳಿ ಹುಡುಗರಿಗೆ ಇರ್ತದೆ. ಆದರೆ ಜರ್ಮನ್ ಹೆಚ್ಚುಕಡಿಮೆ ಬರೆದ ಹಾಗೇ ಓದೋ ಭಾಷೆ. ದೊಡ್ಡವರಿಗೆ, ಅಪರಿಚಿತರಿಗೆ 'ಝೀ', ಗೆಳೆಯರಿಗೆ 'ಡು'. ನಮ್ಮ ನೀವು, ನೀನು ಇದ್ದಂಗೆ. 'ವೈಲ್ ಇಶ್ ಡಾಯ್ಚ್ ಲೆರ್ನೆ' ಅಂದರೆ 'ನಾನು ಜರ್ಮನ್ ಕಲಿಯೋದ್ರಿಂದ'. ಕಾರಣ ಹೇಳೋ ಇಂಥ ವಾಕ್ಯದಲ್ಲಿ ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಬರ್ತದೆ, ಇಂಗ್ಲಿಷ್‌ನಲ್ಲಿ ಹಂಗಿಲ್ಲ. ಕಷ್ಟ ಇರೋದು ಲಿಂಗದಲ್ಲಿ. ಅಲ್ಲಿ ಟೇಬಲ್ಲು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಹುಡುಗಿ ನಪುಂಸಕ ಲಿಂಗ! ಇದನ್ನ ಬಾಯಿಪಾಠ ಮಾಡದೇ ದಾರಿ ಇಲ್ಲ.

ಈ ದಾರಿಯಲ್ಲಿ ಎದುರಿನಿಂದ ನಡೆದು ಬಂದವರೂ ಇದ್ದಾರೆ. ಧಾರವಾಡದ ಕಿಟೆಲ್ ಕಾಲೇಜಿನ ಹೆಸರು ಕೇಳದವರಿಲ್ಲ. ಜರ್ಮನಿಯ ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಷನ್ ಕೆಲಸಕ್ಕೆ 1853ರಲ್ಲಿ ಈ ಕಡೆ ಬಂದರು. ಬಂದವರು ಮೊದಲು ಮಾಡಿದ್ದು ಕನ್ನಡ ಕಲಿಯೋದು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಲ್ಲಿ ಅಚ್ಚಾಗಿದ್ದು 1894ರಲ್ಲಿ. ಅವರಿಗಿಂತ ಮುಂಚೆ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಅನ್ನೋ ಕನ್ನಡದ ಮೊದಲ ಪತ್ರಿಕೆ ತಂದರು. ಪರದೇಶದಲ್ಲಿ ನೆಲೆ ಊರಬೇಕಂದ್ರೆ ಅಲ್ಲಿನ ಮಾತು ಮೊದಲು ಬರಬೇಕು ಅನ್ನೋದು ಅವರಿಗೂ ಗೊತ್ತಿತ್ತು.

ಹಂಗಾದ್ರೆ ಏನು ಮಾಡಬೇಕು?

ಮೊದಲ ಆರು ತಿಂಗಳು ಭಾಷೆಗೆ ಕೊಡ್ರಿ. ಡಾಯ್ಚೆ ವೆಲ್ಲೆ ವಾಹಿನಿಯ 'ನೀಕೋಸ್ ವೇಗ್' ಅನ್ನೋ ಆನ್‌ಲೈನ್ ಕೋರ್ಸ್ ಎ1ರಿಂದ ಬಿ1ವರೆಗೆ ಪೂರ್ತಿ ಉಚಿತ. ಮೊಬೈಲ್‌ನಲ್ಲೂ ನೋಡಬಹುದು, ಕಂಪ್ಯೂಟರ್ ಇರೋ ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲೂ ನೋಡಬಹುದು. ಎ1 ಮುಗಿಯೋದ್ರೊಳಗೆ ಹುಡುಗನಿಗೆ ನಿಜವಾದ ಆಸಕ್ತಿ ಇದೆಯಾ, ಬರೀ ವಿಮಾನದ ಆಸೆಯಾ ಅಂತ ಮನೆಯವರಿಗೇ ಗೊತ್ತಾಗ್ತದೆ. ಬಿಡೋದಾದ್ರೂ ಇಲ್ಲೇ ಬಿಡಬಹುದು, ಹೊಲ ಹೋಗಿರೋದಿಲ್ಲ. ಆಮೇಲೆ ಬೆಂಗಳೂರಿನ ಇಂದಿರಾನಗರದಲ್ಲಿರೋ ಗೊಯೆಥೆ ಇನ್‌ಸ್ಟಿಟ್ಯೂಟ್ ಅಥವಾ ಮಾನ್ಯತೆ ಇರೋ ಬೇರೆ ಕೇಂದ್ರದಲ್ಲಿ ಪರೀಕ್ಷೆ.

ನರ್ಸಿಂಗ್ ಮುಗಿಸಿದವರು ಏಜೆಂಟರ ಹತ್ತಿರ ಹೋಗೋ ಮುಂಚೆ ಸರ್ಕಾರಿ ದಾರಿ ನೋಡಬೇಕು. ಕೇರಳದ ನಾರ್ಕಾ ರೂಟ್ಸ್ 'ಟ್ರಿಪಲ್ ವಿನ್' ಯೋಜನೆಯಲ್ಲಿ ನರ್ಸ್‌ಗಳಿಗೆ ಬಿ1ವರೆಗೆ ಭಾಷೆಯನ್ನೂ ಉಚಿತವಾಗಿ ಕಲಿಸಿ ಕಳಿಸ್ತದೆ. ನಮ್ಮ ರಾಜ್ಯದಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ವಿದೇಶದ ಕೆಲಸಕ್ಕೆ ಕಳಿಸೋ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಬೇಕು. ಅವರ ಸೇವಾ ಶುಲ್ಕ 30 ಸಾವಿರ ಮತ್ತು ಜಿಎಸ್‌ಟಿ ದಾಟಬಾರದು. ನೋಂದಣಿ ಇದೆಯೋ ಇಲ್ಲವೋ 'ಇ-ಮೈಗ್ರೇಟ್' ವೆಬ್‌ಸೈಟ್‌ನಲ್ಲಿ ನೋಡಬಹುದು.

ವೀಸಾ ಗ್ಯಾರಂಟಿ ಕೊಡೋ ಅಧಿಕಾರ ಯಾವ ಏಜೆಂಟರಿಗೂ ಇಲ್ಲ. ಮೊದಲೆಲ್ಲ ವೀಸಾ ತಿರಸ್ಕಾರವಾದರೆ ಫೀ ಇಲ್ಲದೇ ಮರುಪರಿಶೀಲನೆಗೆ ಬರೀಬಹುದಿತ್ತು. 2025ರ ಜುಲೈ 1ರಿಂದ ಅದನ್ನ ತೆಗೆದಿದ್ದಾರೆ. ಈಗ ಮತ್ತೆ ಹೊಸ ಅರ್ಜಿ, ಇಲ್ಲ ಜರ್ಮನಿಯ ಕೋರ್ಟು.

ಕೊನೆಗೆ ನಮ್ಮ ಅಂಗಡಿಕಾರರಿಗೆ. ಶಿಗ್ಗಾಂವಿ, ಬಂಕಾಪುರ, ತಡಸ, ದುಂಡಶಿ, ಎಲ್ಲೇ ಆಗಲಿ, ಊರಲ್ಲಿ ಯಾರಿಗಾದರೂ ಲಕ್ಷದ ಅವಸರ ಬಿದ್ದರೆ ಮೊದಲು ಬರೋದು ನಿಮ್ಮ ಅಂಗಡಿಗೆ. ಶಿಕ್ಷಣ ಸಾಲ 7.5 ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡ ಕೇಳ್ತವೆ. ಕಡಿಮೆ ಬಿದ್ದದ್ದಕ್ಕೆ ಕೈಗಡ, ಇಲ್ಲ ನಿಮ್ಮ ಜಾಮೀನು. ಸಹಿ ಹಾಕೋ ಮುಂಚೆ ಮೂರು ಕಾಗದ ಕೇಳ್ರಿ: ಭಾಷಾ ಪರೀಕ್ಷೆಯ ಸರ್ಟಿಫಿಕೇಟ್, ಕಾಲೇಜು ಅಥವಾ ಕಂಪನಿಯ ಪತ್ರ, ವಿದ್ಯಾರ್ಥಿ ಹೆಸರಲ್ಲೇ ತೆಗೆದ ಬ್ಲಾಕ್ಡ್ ಅಕೌಂಟ್ ವಿವರ. ತರಬೇತಿಗೆ ಹೋಗೋರಾದ್ರೆ ಮೂರನೆಯದರ ಬದಲು ಸಂಬಳ ಬರೆದ ಕರಾರು. ಮೂರೂ ಇದ್ದರೆ ಧೈರ್ಯವಾಗಿ ನೆರವಾಗ್ರಿ, ಊರಿನ ಹುಡುಗ ಮುಂದೆ ಬರಲಿ. ಮೊದಲನೆಯದೇ ಇಲ್ಲ ಅಂದ್ರೆ 'ಅದನ್ನ ತಗೊಂಡು ಬಾರಪ್ಪಾ, ಆಮೇಲೆ ಮಾತಾಡೋಣ' ಅನ್ರಿ.