ತಾರೋಫ್ ಸುಳ್ಳಲ್ಲ, ಮೌನ ಒಪ್ಪಿಗೆಯಲ್ಲ

ಟೆಹರಾನಿನ ಅಂಗಡಿಯಲ್ಲಿ ಬೆಲೆ ಕೇಳಿದರೆ ಅಂಗಡಿಯವನು 'ಖಾಬೆಲ್ ನದಾರೆ' ಎನ್ನುವುದುಂಟು. ನಿಮ್ಮ ಮುಂದೆ ಇದೇನು ಮಹಾ ಎಂದು ಭಾವ. ಗಿರಾಕಿ ಒತ್ತಾಯಿಸುತ್ತಾನೆ. ಒಂದೆರಡು ಸುತ್ತು ಮಾತಾದ ಮೇಲೆ ಬೆಲೆ ಹೊರಬೀಳುತ್ತದೆ. ಪುಕ್ಕಟೆ ಸಿಕ್ಕಿತೆಂದು ಸಾಮಾನು ಎತ್ತಿಕೊಂಡು ಹೊರಡುವವನು ಆ ಊರಿನ ರೀತಿ ಅರಿಯದವನು ಮಾತ್ರ. ಈ ಉಪಚಾರಕ್ಕೆ ಫಾರಸಿಯಲ್ಲಿ ತಾರೋಫ್ ಎಂದು ಹೆಸರು.

ಇದನ್ನೇ ಹಿಡಿದು ಇರಾನಿಯರನ್ನು ಕಪಟಿಗಳೆಂದು ಕರೆಯುವ ಚಾಳಿ ಹಳೆಯದು. ಬ್ರಿಟಿಷ್ ರಾಜತಾಂತ್ರಿಕ ಜೇಮ್ಸ್ ಮೋರಿಯರ್ 1824ರಲ್ಲಿ ಪ್ರಕಟಿಸಿದ 'ಹಾಜಿ ಬಾಬಾ' ಕಾದಂಬರಿ, ನಯವಾಗಿ ಮಾತಾಡುವ ಮೋಸಗಾರ ಇರಾನಿಯ ಚಿತ್ರವನ್ನು ಯುರೋಪಿನ ಓದುಗರ ಮುಂದಿಟ್ಟಿತು. 2013ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಇರಾನಿನ ನಾಯಕತ್ವದ ಬಗ್ಗೆ ಮಾತಾಡುತ್ತಾ ಅಧಿಕಾರಿ ವೆಂಡಿ ಶೆರ್ಮನ್, ವಂಚನೆ ಡಿ.ಎನ್.ಎ.ಯಲ್ಲೇ ಇದೆ ಎಂದರು. ಸರಕಾರದ ಮೇಲಿನ ಸಿಟ್ಟನ್ನು ಹುಟ್ಟುಗುಣದ ಮಾತಾಗಿಸುವುದು ಎಷ್ಟು ಸುಲಭ!

ಸುಳ್ಳಾಗಬೇಕಾದರೆ ಮೋಸಹೋಗುವವನೊಬ್ಬ ಇರಬೇಕು. ಈ ಅಂಗಡಿಯಲ್ಲಿ ಮೋಸಹೋದವರು ಯಾರು? ಆಡಿದವನಿಗೂ ಕೇಳಿದವನಿಗೂ ಅರ್ಥ ಗೊತ್ತಿದೆ. ನಾವು ಕನ್ನಡಿಗರು 'ಹೋಗಿ ಬರುತ್ತೇನೆ' ಎಂದು ಹೊರಡುತ್ತೇವೆ. ಮರುದಿನ ಬರಲಿಲ್ಲವೆಂದು ಯಾರೂ ನಮ್ಮನ್ನು ಸುಳ್ಳುಗಾರರೆನ್ನುವುದಿಲ್ಲ. ಫಾರಸಿಯ ವಿನಯವಂತ ತಾನು ಹೇಳುವುದನ್ನು 'ಅರ್ಜ್' ಎನ್ನುತ್ತಾನೆ, ಎದುರಿನವರು ಹೇಳಿದ್ದಕ್ಕೆ 'ಫರ್ಮೂದನ್' ಎಂಬ ಕ್ರಿಯಾಪದ ಬಳಸುತ್ತಾನೆ. ನಮ್ಮ ಕಚೇರಿಗಳ ಅರ್ಜಿ, ಫರ್ಮಾನುಗಳ ಬಳಗದ ಮಾತುಗಳೇ ಇವು. ನನ್ನ ಮಾತು ಅರ್ಜಿ, ನಿಮ್ಮದು ಅಪ್ಪಣೆ. ಎದುರಿನವನೂ ಹಾಗೆಯೇ ಮಾತಾಡುತ್ತಾನೆ. ಇಬ್ಬರೂ ಬಾಗುವುದರಿಂದ ಯಾರೂ ಕುಗ್ಗುವುದಿಲ್ಲ. ತಾರೋಫಿನ ನ್ಯಾಯ ಇರುವುದು ಇಲ್ಲಿ.

ಆದರೆ ಬಾಗುವುದು ಒಬ್ಬನ ಪಾಲಿಗೇ ಬಿದ್ದಾಗ? ತಾರೋಫನ್ನು ಹಾಡಿಹೊಗಳುವವರು ಈ ಪ್ರಶ್ನೆಗೂ ಉತ್ತರ ಕೊಡಬೇಕು. ತರಗತಿಯಲ್ಲಿ ಹುಡುಗ 'ಆಗಾ, ಎಜಾಜೆ' ಎಂದು ಅಪ್ಪಣೆ ಬೇಡಿಯೇ ಬಾಯಿ ತೆರೆಯಬೇಕು. ಮೇಷ್ಟ್ರು ಹೇಳಿದ್ದಕ್ಕೆ 'ಚಶ್ಮ್' ಎನ್ನಬೇಕು, ಅಂದರೆ ನನ್ನ ಕಣ್ಣ ಮೇಲೆ. ಆ 'ಚಶ್ಮ್' ಪಾಠ ಅರ್ಥವಾಯಿತು ಎಂಬುದಕ್ಕೆ ಸಾಕ್ಷಿಯಲ್ಲ, ಒಪ್ಪಿಗೆಯೂ ಅಲ್ಲ. ಕಾಲೇಜಿನ ವಿದ್ಯಾರ್ಥಿಗಳಾದರೂ ಹೊತ್ತು ಮೀರಿದಾಗ 'ಉಸ್ತಾದ್, ಖಸ್ತೆ ನಬಾಶೀದ್', ತಮಗೆ ದಣಿವಾಗದಿರಲಿ ಎಂದು ಹಾರೈಸಿ, ಪಾಠ ಸಾಕು ಎಂಬುದನ್ನು ನಗುತ್ತಲೇ ತಿಳಿಸುತ್ತಾರೆ. ಚಿಕ್ಕ ಮಕ್ಕಳಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಅಬ್ಬಾಸ್ ಕಿಯಾರೊಸ್ತಮಿಯ 1987ರ ಚಿತ್ರ 'ಗೆಳೆಯನ ಮನೆ ಎಲ್ಲಿದೆ?'ಯಲ್ಲಿ ಅಜ್ಜ ಮೊಮ್ಮಗನನ್ನು ಸಿಗರೇಟು ತರಲು ಕಳಿಸುತ್ತಾನೆ. ಸಿಗರೇಟು ಅವನ ಬಳಿಯೇ ಇದೆ. ಹುಡುಗ ವಿಧೇಯತೆ ಕಲಿಯಲಿ ಎಂಬುದಷ್ಟೇ ಉದ್ದೇಶ. ಗೆಳೆಯನ ಪುಸ್ತಕ ತಲುಪಿಸಬೇಕೆಂಬ ಹುಡುಗನ ಕಳವಳ ಯಾರ ಕಿವಿಗೂ ಬೀಳುವುದಿಲ್ಲ. ಇದನ್ನು ಸಭ್ಯತೆ ಎನ್ನಲಾದೀತೇ?

ಅಂಗಡಿಯ ತಾರೋಫಿನಲ್ಲಿ 'ಬೇಡ' ಎನ್ನುವ ಹಕ್ಕು ಇಬ್ಬರಿಗೂ ಇದೆ. ಆ ಹಕ್ಕು ಇರುವಲ್ಲಿ ಅದನ್ನು ಕಪಟವೆನ್ನುವುದು ಅಜ್ಞಾನ. ಆ ಹಕ್ಕು ಇಲ್ಲದಲ್ಲಿ ಅದನ್ನು ಗೌರವವೆನ್ನುವುದು ಆತ್ಮವಂಚನೆ. ವಿನಯ ಕಲಿಸಬೇಕೆನ್ನುವ ಮೇಷ್ಟ್ರು ಮೊದಲು ಮಗುವಿಗೆ 'ಬೆಫರ್ಮಾಯೀದ್', ದಯವಿಟ್ಟು ಹೇಳಿ ಎನ್ನಲಿ. ಆಮೇಲೆ ಅದರ ಮಾತು ಮುಗಿಯುವವರೆಗೂ ಕೇಳಲಿ.